ಮನಾಮದಲ್ಲಿ ಮೂರು ರಾಜ, ಎರಡು ಒಂಬತ್ತು

ಮಂಗಳೂರಿನಿಂದ ಬೊಂಬಾಯಿಗೆ ಬಸ್ಸಿನಲ್ಲಿ ಒಂದು ಹಗಲು, ಒಂದು ರಾತ್ರಿ. ಅಲ್ಲಿಂದ ಬಹ್ರೈನಿಗೆ ವಿಮಾನದಲ್ಲಿ ಮೂರು ಗಂಟೆಗಿಂತ ಸ್ವಲ್ಪ ಹೆಚ್ಚು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ತಂಗಿ ಲಿಲ್ಲಿಯ ಎರಡನೆಯ ಹೆರಿಗೆಗೆಂದು ಟೀಚರಾಗಿದ್ದ ಶಾಲೆಗೆ ರಜೆ ಬರೆದುಕೊಟ್ಟು ನಾನು ಹೊರಟಿದ್ದೆ. ಪೆಟ್ಟಿಗೆಯಲ್ಲಿ ಬಾಣಂತಿಯ ಲೇಹ್ಯ, ಕುಚ್ಚಲಕ್ಕಿ, ಒಣಗಿಸಿದ ಸಿಗಡಿ. ಮುಹರ್ರಕ್ಕಿನ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಸಿಗಡಿಯ ಪೊಟ್ಟಣ ಮೂಸಿ ನೋಡಿ, ಮುಖ ಹಿಂಡಿ, ಬೇಗ ಹೋಗೆಂದು ಕೈಬೀಸಿದ.

ಜನವರಿಯ ಚಳಿ ನಾನು ನಿರೀಕ್ಷಿಸಿರಲಿಲ್ಲ. ಲಿಲ್ಲಿಯ ಮನೆ ಮನಾಮದ ಗುದೈಬಿಯಾದಲ್ಲಿ, ಮೂರನೆಯ ಮಾಳಿಗೆ, ಎರಡು ಕೋಣೆ. ಅವಳು ಆಸ್ಪತ್ರೆಯಲ್ಲಿ ನರ್ಸು. ಗಂಡ ಫೆಲಿಕ್ಸನಿಗೆ ಸಮುದ್ರದ ಬದಿಯ ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಕೆಲಸ. ಮಗು ಗಂಡು. ಬೆಳಿಗ್ಗೆ ಬಾಣಂತಿಗೂ ಮಗುವಿಗೂ ಸ್ನಾನ, ಆಮೇಲೆ ಬಟ್ಟೆ ಒಗೆತ, ಹತ್ತು ಗಂಟೆಗೆ ಗಂಜಿ. ಟೆರೇಸಿನಲ್ಲಿ ಹಾಕಿದ ಬಟ್ಟೆ ಗಾಳಿಗೆ ಬೇಗ ಒಣಗುತ್ತಿತ್ತು. ಧೂಳು ಕೊಡವಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತಿತ್ತು. ಫೆಲಿಕ್ಸ್ ಬೇಕರಿಯಿಂದ ಬಿಸಿ ಖುಬೂಸ್ ರೊಟ್ಟಿ ತರುತ್ತಿದ್ದ. ಮೀನಿನ ಸಾರಿಗೆ ಅದು ಚೆನ್ನಾಗಿ ಹೊಂದುತ್ತದೆ.

ಕೆಲಸವಿದ್ದಷ್ಟು ಹೊತ್ತು ಸರಿ. ಮುಗಿದರೆ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಕಿಟಕಿಗೆ ಹೋಗುವುದು, ಬರುವುದು, ಮಡಚಿದ ಬಟ್ಟೆಯನ್ನು ಮತ್ತೆ ಮಡಚುವುದು. ಕಾರಣ ಅನಿತಾ. ಲಿಲ್ಲಿಯ ಹಿರಿಯ ಮಗಳು ಅವಳು. ರಾತ್ರಿಪಾಳಿಯಲ್ಲಿ ಕೂಸನ್ನು ಸಾಕಲಾಗದೆ ಎರಡು ವರ್ಷದವಳನ್ನು ಲಿಲ್ಲಿ ನನ್ನ ಬಳಿ ಬಿಟ್ಟಿದ್ದಳು. ನನಗೂ ನನ್ನವರಿಗೂ ಮಕ್ಕಳಿಲ್ಲ. ಆಗ ಅವಳಿಗೆ ಏಳು. ಮಂಗಳೂರಿನಲ್ಲಿ ನನ್ನವರ ಜೊತೆ ಇದ್ದಳು.

ನಾನು ಬಂದ ವಾರದಲ್ಲೇ ಲಿಲ್ಲಿ ಹೇಳಿದಳು: "ಅಕ್ಕಾ, ನನಗೆ ಹಗಲಿನ ಪಾಳಿ ಸಿಕ್ಕಿತು. ಅನಿತಾಳ ವೀಸಾ ಆಯ್ತು. ಈಸಾ ಟೌನಿನ ಶಾಲೆಯಲ್ಲಿ ಸೀಟೂ ಉಂಟು, ಏಪ್ರಿಲಿಗೆ."

ಮಗುವಿನ ಅರ್ಧ ಟಿಕೇಟಿಗೆ ತೊಂದರೆಯಿರಲಿಲ್ಲ. ಕರೆತರಲು ದೊಡ್ಡವರೊಬ್ಬರು ಬೇಕಿತ್ತು. ಲಿಲ್ಲಿ ಹೋಗಿಬರಲು ಟಿಕೇಟಿಗೆ ಹಣವಿಲ್ಲ. ಫೆಲಿಕ್ಸನಿಗೆ ಕಂಪನಿಯ ಟಿಕೇಟು ಸಿಗುವುದು ಮುಂದಿನ ವರ್ಷ. ಗುರುತಿಲ್ಲದವರ ಕೈಯಲ್ಲಿ ಕಳಿಸಲು ಅವಳಿಗೆ ಮನಸ್ಸಿಲ್ಲ. ಹಾಗಾಗಿ ಇನ್ನೊಂದು ವರ್ಷ ಅನಿತಾ ನನ್ನ ಬಳಿ ಇರುತ್ತಾಳೆ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಎಂಟನೆಯ ವಾರ ಫೆಲಿಕ್ಸ್ ಮೆಟ್ಟಿಲು ಹಾರಿಕೊಂಡು ಬಂದ. ಶುಕ್ರವಾರ ಮಧ್ಯಾಹ್ನ ಅವನ ಹೋಟೆಲಿನಲ್ಲಿ ಕೆಲಸಗಾರರಿಗೂ ಅವರ ಮನೆಯವರಿಗೂ 'ಕ್ಯಾಸಿನೊ' ಏರ್ಪಾಡಾಗಿತ್ತು. ಅಲ್ಲಿ ಹಣವಿಟ್ಟು ಆಡುವಂತಿಲ್ಲ. ಎಲ್ಲರಿಗೂ ಸಮನಾಗಿ ಪ್ಲಾಸ್ಟಿಕ್ಕಿನ ಬಿಲ್ಲೆ ಕೊಡುತ್ತಾರೆ. ಇಬ್ಬರಿಬ್ಬರೇ ಎದುರುಬದುರು ಕೂತು ಪೋಕರ್ ಆಡುವುದು, ಬಿಲ್ಲೆ ಮುಗಿದವರು ಏಳುವುದು. ಕೊನೆಗೆ ಉಳಿದವರಿಗೆ ಬೊಂಬಾಯಿಗೆ ಹೋಗಿಬರುವ ಟಿಕೇಟು. ಯಾರ ಹೆಸರಿಗಾದರೂ, ಯಾವ ಕಡೆಯಿಂದಾದರೂ ಬರೆಸಬಹುದು.

"ಅಕ್ಕ ಆಡ್ಲಿ," ಎಂದಳು ಲಿಲ್ಲಿ. "ಹಡಗಿನ ಮಾವ ಇವಳಿಗೆ ಕಲಿಸಿದ್ದಾರೆ. ಊರಲ್ಲಿ ಇವಳ ಎದುರು ಯಾರೂ ನಿಲ್ಲುವುದಿಲ್ಲ ಮಾರಾಯ್ರೆ."

ಹಡಗಿನಲ್ಲಿ ಅಡುಗೆಯವರಾಗಿದ್ದ ಮಾವ ಕಲಿಸಿದ್ದು ನಿಜ. ಹುಣಸೆಬೀಜವಿಟ್ಟು ಆಡುತ್ತಿದ್ದೆವು. ಬೇಡವೆನಿಸಿದರೂ ಹೂಂ ಎಂದೆ. ಗೆದ್ದರೆ ಮಾರ್ಚಿನಲ್ಲೇ ಲಿಲ್ಲಿ ಬಂದು ಅನಿತಾಳನ್ನು ಕರೆದೊಯ್ಯುತ್ತಾಳೆ.

ಶುಕ್ರವಾರ ಟ್ಯಾಕ್ಸಿಗೆ ಐನೂರು ಫಿಲ್ಸ್, ಅಂದರೆ ಅರ್ಧ ದಿನಾರು. ಹೊರಗೆ ಮರಳುಗಾಳಿ, ಒಳಗೆ ರತ್ನಗಂಬಳಿ. ಹದಿನಾರು ಮಂದಿ, ಎಂಟು ಮೇಜು. ಐದೈದು ಇಸ್ಪೀಟೆಲೆ, ಬೇಡವಾದದ್ದನ್ನು ಒಮ್ಮೆ ಬದಲಿಸಬಹುದು, ಆಮೇಲೆ ಬಿಲ್ಲೆ ಮುಂದಿಡುತ್ತಾ ಹೋಗುವುದು, ಇಲ್ಲವೇ ಎಲೆ ಬಿಟ್ಟು, ಇಟ್ಟ ಬಿಲ್ಲೆ ಕಳೆದುಕೊಳ್ಳುವುದು.

ಮೊದಲ ಎದುರಾಳಿ ಗೋವಾದ ಒಬ್ಬ ಗುಮಾಸ್ತ. ನಾನು ಬಿಲ್ಲೆ ಹೆಚ್ಚಿಸಿದೆ, ಅವನು ಬಿಟ್ಟ. ನಾನು ನನ್ನ ಎಲೆಗಳನ್ನು ಮೇಲ್ಮುಖವಾಗಿ ಮೇಜಿನ ಮೇಲೆ ಹರಡಿದೆ. ನಮ್ಮ ಮನೆಯ ಕ್ರಮ ಅದು. ಒಂದು ಕ್ರಿಸ್ಮಸ್ಸಿಗೆ ಮಾವನ ತೋಳಿನಿಂದ ಒಂದು ಎಕ್ಕ ಜಾರಿ ಬಿದ್ದಂದಿನಿಂದ, ಗೆದ್ದವರೂ ಸೋತವರೂ ಬಿಟ್ಟವರೂ ಎಲೆ ತೋರಿಸಲೇಬೇಕೆಂದು ಅಪ್ಪ ಕಟ್ಟುಮಾಡಿದ್ದರು.

ಫೆಲಿಕ್ಸ್ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದ: "ಅಕ್ಕಾ, ಎಂತ ಮಾಡ್ತೀರಿ? ಇಲ್ಲಿ ತೋರಿಸ್ಲಿಕ್ಕಿಲ್ಲ. ಬಿಟ್ಟರೂ ತೋರಿಸ್ಲಿಕ್ಕಿಲ್ಲ. ಕವುಚಿ ತಳ್ಳಿಬಿಡಿ, ಯಾರಿಗೂ ಗೊತ್ತಾಗುವುದಿಲ್ಲ."

ಆಮೇಲೂ ಎರಡು ಮೂರು ಸಲ ಕೈ ತಾನಾಗಿ ತೋರಿಸಿಬಿಟ್ಟಿತು. ಸುತ್ತ ನಿಂತವರು ನಕ್ಕರು. ಆದರೂ ಗುಮಾಸ್ತ ಎದ್ದ, ಅವನ ನಂತರ ಒಬ್ಬ ಪಾಕಿಸ್ತಾನಿ ಡ್ರೈವರು ಎದ್ದ, ಮತ್ತೊಬ್ಬನೂ ಎದ್ದ. ಆರು ಗಂಟೆಗೆ ಒಂದೇ ಮೇಜು ಉಳಿಯಿತು. ನನ್ನೆದುರು ಹೋಟೆಲಿನ ಅಡುಗೆಮನೆಯ ಸಂಜೀವ ಶೆಟ್ಟರು, ಕಾರ್ಕಳದ ಕಡೆಯವರು. ಬೆರಳಿಗೆ ಇನ್ನೂ ಅರಶಿನ ಅಂಟಿತ್ತು.

"ಟೀಚರೇ, ಮದುವೆಯಾಗಿ ಒಂಬತ್ತು ವರ್ಷ," ಎಂದರು ಬಿಲ್ಲೆ ಜೋಡಿಸುತ್ತಾ. "ಹೆಂಡತಿ ಈ ಊರು ಕಂಡಿಲ್ಲ. ಕಂಪನಿ ನನಗೆ ಟಿಕೇಟು ಕೊಡ್ತದೆ, ಅವಳಿಗೆ ಕೊಡುವುದಿಲ್ಲ. ಹಾಗೆಂತ ನೀವು ಬಿಟ್ಟುಕೊಡ್ಬೇಡಿ, ಆಯ್ತಾ? ನಾನೂ ಬಿಡುವುದಿಲ್ಲ."

"ಬಾಯಿಯಲ್ಲಿ ಆಡುವುದಲ್ಲ ಶೆಟ್ರೇ, ಎಲೆ ಹಾಕಿ," ಎಂದ ಫೆಲಿಕ್ಸ್.

ಮುಕ್ಕಾಲು ಗಂಟೆ ಸಮಸಮವಾಗಿ ನಡೆಯಿತು. ಆಮೇಲೆ ನನಗೆ ಮೂರು ರಾಜ, ಒಂದು ಒಂಬತ್ತು, ಒಂದು ನಾಲ್ಕು ಬಂದವು. ನಾಲ್ಕನ್ನು ಬದಲಿಸಿದೆ. ಇನ್ನೊಂದು ಒಂಬತ್ತು ಬಂತು. ಇಂಥ ಕೈಯನ್ನು ಸೋಲಿಸುವುದು ಬಲು ಅಪರೂಪ. ನನ್ನ ಬಿಲ್ಲೆಗಳಲ್ಲಿ ಮುಕ್ಕಾಲು ಪಾಲು ಆಗಲೇ ಮೇಜಿನ ನಡುವಿತ್ತು. ಶೆಟ್ಟರು ತಮ್ಮದೆಲ್ಲವನ್ನೂ ಮುಂದಕ್ಕೆ ತಳ್ಳಿದರು. ಉಳಿದ ನಾಲ್ಕನ್ನು ನಾನೂ ತಳ್ಳಿದರೆ ಆಟ ಮುಗಿದಂತೆ.

ಲಿಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಎದುರಿಗೆ ನಿಂತಿದ್ದಳು. ನನ್ನ ಮನಸ್ಸು ಮಾತ್ರ ಮಂಗಳೂರಿನಲ್ಲಿ, ಅನಿತಾ ಮಲಗುವ ಮಂಚದ ಬಳಿ ಸುತ್ತುತ್ತಿತ್ತು. ಕವುಚಿ ತಳ್ಳಿದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಫೆಲಿಕ್ಸನೇ ಹೇಳಿದ್ದನಲ್ಲ.

"ಬಿಟ್ಟೆ," ಎಂದೆ.

ಎಂದದ್ದೇ ತಡ, ಮೂವತ್ತು ವರ್ಷದ ರೂಢಿಯ ಕೈ ಐದೂ ಎಲೆಗಳನ್ನು ಮೇಲ್ಮುಖವಾಗಿ ಹರಡಿತು.

ಶೆಟ್ಟರು ಎದ್ದು ನಿಂತು ತಮ್ಮ ಎಲೆ ತಿರುಗಿಸಿದರು: ಬರೀ ಎರಡು ಹತ್ತು. "ಟೀಚರೇ, ಎಂತ ಮಾಡಿದ್ರಿ ನೀವು!" ಎಂದರು, ಕಣ್ಣು ತುಂಬಿತ್ತು. ಅವರ ಹೆಂಡತಿಗಾಗಿ ಬಿಟ್ಟುಕೊಟ್ಟಳೆಂದು ಜನ ಚಪ್ಪಾಳೆ ತಟ್ಟಿದರು. ಬಿಟ್ಟ ಆಟವನ್ನು ಮತ್ತೆ ಎತ್ತುವಂತಿಲ್ಲ. ನನ್ನ ನಾಲ್ಕು ಬಿಲ್ಲೆ ಮುಂದಿನ ಆಟದಲ್ಲೇ ಹೋದವು. ಲಿಲ್ಲಿ ಚಪ್ಪಾಳೆ ತಟ್ಟಲಿಲ್ಲ.

ಮನೆಯಲ್ಲಿ ನಾನು ಅಕ್ಕಿ ತೊಳೆಯುತ್ತಿದ್ದಾಗ ಅವಳು ಹಿಂದೆ ಬಂದು ನಿಂತಳು.

"ಎರಡು ರಾಜ ಇದ್ದರೆ ಅಪ್ಪನನ್ನೇ ಬಿಟ್ಟವಳಲ್ಲ ನೀನು. ಇವತ್ತು ಮೂರು ಇತ್ತು."

"ಕೈ ತಪ್ಪಿತು."

"ತಪ್ಪಿದ್ದು ತೋರಿಸಿದ್ದರಲ್ಲಿ, ಬಿಟ್ಟದ್ದರಲ್ಲಿ ಅಲ್ಲ."

ನಾನು ಅಕ್ಕಿಯ ನೀರು ಚೆಲ್ಲಿದೆ, ಮತ್ತೆ ತುಂಬಿದೆ.

"ಒಂದು ವರ್ಷ ಲಿಲ್ಲಿ. ಇನ್ನೊಂದೇ ವರ್ಷ."

"ಐದು ವರ್ಷ ಕೊಟ್ಟಿದ್ದೇನೆ ಅಕ್ಕಾ," ಎಂದು ಅವಳು ಒಳಗೆ ಹೋದಳು. ಅಕ್ಕಿಯನ್ನು ಎಷ್ಟು ಸಲ ತೊಳೆದೆನೋ, ಅನ್ನಕ್ಕೆ ರುಚಿಯೇ ಇರಲಿಲ್ಲ.

ನಾನು ಊರಿಗೆ ಹೊರಡುವ ಸೋಮವಾರ ಬೆಳಿಗ್ಗೆ ಗಾಳಿ ನಿಂತಿತ್ತು. ಊರಿಗೆ ಹೋಗುವವರ ಕೈಯಲ್ಲಿ ಕಟ್ಟು ಕೊಡುವುದು ಅಲ್ಲಿನ ರೂಢಿ. ಆರು ಮನೆಯವರು ಬಂದು ಆರು ಕಟ್ಟು ಕೊಟ್ಟರು. ಕೊನೆಗೆ ಬಂದವರು ಶೆಟ್ಟರು, ಎರಡು ಕಿಲೋ ಖರ್ಜೂರ ಹಿಡಿದುಕೊಂಡು.

"ಇದು ನಿಮಗೇ ಟೀಚರೇ. ನಾನು ಬರುವ ವಾರ ಊರಿಗೆ ಹೋಗ್ತೇನೆ. ಮಾರ್ಚ್ ಕೊನೆಗೆ ಹೆಂಡತಿಯನ್ನು ಕರ್ಕೊಂಡು ವಾಪಸು. ನಿಮ್ಮ ಉಪಕಾರಕ್ಕೆ ನಾನೆಂತ ಮಾಡ್ಲಿಕ್ಕೆ ಆಗ್ತದೆ? ಫೆಲಿಕ್ಸ್ ಹೇಳಿದ್ರು, ಮಗುವನ್ನು ತರ್ಲಿಕ್ಕೆ ಜನ ಇಲ್ಲ ಅಂತ. ನಾವಿಬ್ಬರೂ ಜೊತೆಗೆ ಕರ್ಕೊಂಡು ಬರ್ತೇವೆ. ನನ್ನ ಹೆಂಡತಿ ಮಡಿಲಲ್ಲಿಟ್ಟುಕೊಂಡು ಬಂದಾಳು."

ಫೆಲಿಕ್ಸ್ ಲಿಲ್ಲಿಯನ್ನು ನೋಡಿದ. ಲಿಲ್ಲಿ ನನ್ನನ್ನು ನೋಡಿದಳು.

"ಅಕ್ಕ ಹೇಳ್ಲಿ," ಎಂದಳು. "ಮನೆಯಿಂದ ಕಳಿಸುವವಳು ಅವಳು."

ಪೆಟ್ಟಿಗೆಯ ಹಗ್ಗ ನನ್ನ ಕೈಯಲ್ಲಿತ್ತು. ಗಂಟು ಹಾಕಿದೆ, ಬಿಚ್ಚಿದೆ.

"ಬಸ್ಸಿನಲ್ಲಿ ಕಿಟಕಿ ಬದಿ ಕೂರಿಸಿ ಶೆಟ್ರೇ," ಎಂದೆ. "ಅವಳಿಗೆ ವಾಂತಿ ಬರ್ತದೆ. ಕೈಯಲ್ಲಿ ಒಂದು ಲಿಂಬೆಹುಳಿ ಕೊಟ್ಟರೆ ಸಾಕು."

ಟ್ಯಾಕ್ಸಿಯಲ್ಲಿ ಲಿಲ್ಲಿ ನನ್ನ ಪಕ್ಕಕ್ಕೆ ಸರಿದು ಕೂತಳು. ಸ್ವಲ್ಪ ದೂರ ಹೋದ ಮೇಲೆ ಮೆಲ್ಲಗೆ ಕೇಳಿದಳು: "ಮತ್ತೆಂತ ಆಗುವುದಿಲ್ಲ ಅವಳಿಗೆ?"

ಗುಡುಗೆಂದರೆ ಹೆದರುತ್ತಾಳೆ ಎಂದೆ. ಎಡಗಿವಿಗೆ ನೀರು ಹೋಗಬಾರದು. ಬೂತಾಯಿ ಮೀನಿನ ಮುಳ್ಳು ತಾನೇ ಬಿಡಿಸಿಕೊಳ್ಳುತ್ತೇನೆನ್ನುತ್ತಾಳೆ, ಬಿಡಬೇಡ. ಕನ್ನಡದಲ್ಲಿ ಗದರಿದರೆ ಕೇಳುತ್ತಾಳೆ, ಕೊಂಕಣಿಯಲ್ಲಿ ಗದರಿದರೆ ನಗುತ್ತಾಳೆ. ಮುಹರ್ರಕ್ಕಿನ ಸೇತುವೆ ದಾಟುವಾಗಲೂ ನಾನು ಹೇಳುತ್ತಲೇ ಇದ್ದೆ. ಲಿಲ್ಲಿ ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು.

ಪಾಸ್‌ಪೋರ್ಟಿಗೆ ಮುದ್ರೆ ಬಿದ್ದು ಗಾಜಿನ ಈಚೆ ಬಂದ ಮೇಲೆ ಒಂದು ನೆನಪಾಯಿತು. ಹಾಲಿನ ಮೇಲೆ ಕೆನೆ ಕಂಡರೆ ಅನಿತಾ ಲೋಟ ಮುಟ್ಟುವುದಿಲ್ಲ, ಸೋಸಿಯೇ ಕೊಡಬೇಕು. ತಿರುಗಿ ನಿಂತು, ಒಂದು ಕೈಯನ್ನು ಲೋಟದಂತೆ ಹಿಡಿದು, ಇನ್ನೊಂದರಿಂದ ಸೋಸುವಂತೆ ಮಾಡಿ ತೋರಿಸಿದೆ. ಲಿಲ್ಲಿಗೆ ತಿಳಿಯಲಿಲ್ಲ. ಅವಳು ನಕ್ಕು, ಮಗುವಿನ ಪುಟ್ಟ ಕೈಯೆತ್ತಿ ನನ್ನತ್ತ ಬೀಸಿದಳು.