ಹೇಳಿಕೊಂಡು ಅಳುತ್ತಿದ್ದ ನಮ್ಮ ಅತ್ತೆ

ಅತ್ತೆಯ ಬಲಗಿವಿಯ ಹಾಲೆ ಹರಿದು ಎರಡಾಗಿತ್ತು. ಪ್ರಾಯದಲ್ಲಿ ತೂಕದ ಓಲೆ ಹಾಕಿ ಹಾಕಿ ತೂತು ಕೆಳಕ್ಕೆ ಜಗ್ಗಿ, ಒಂದು ದಿನ ಸೊಪ್ಪಿನ ಹೊರೆ ಇಳಿಸುವಾಗ ಸಿಕ್ಕಿಕೊಂಡು ಹರಿದೇ ಹೋಯಿತಂತೆ. ನಾನು ಮದುವೆಯಾಗಿ ಕೊತ್ತತ್ತಿಗೆ ಬರುವ ಹೊತ್ತಿಗೆ ಆ ಕಿವಿ ಬರಿದಾಗಿತ್ತು. ಯಾರಾದರೂ ಏನಾದರೂ ಹೇಳುತ್ತಿದ್ದರೆ ಅತ್ತೆ ಆ ಎರಡು ತುಂಡನ್ನೂ ಬೆರಳ ನಡುವೆ ಕೂಡಿಸಿ ಹಿಡಿದುಕೊಂಡು, ಕಣ್ಣು ನೆಲಕ್ಕೆ ಹಾಕಿ ಕೇಳುತ್ತಿದ್ದರು. ಮಾತು ಮುಗಿಯುವವರೆಗೂ ಬೆರಳು ಬಿಡುತ್ತಿರಲಿಲ್ಲ. ಅಷ್ಟು ಗಮನವಿಟ್ಟು ಇನ್ನೊಬ್ಬರ ಮಾತು ಕೇಳುವವರನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಬರಿದೆ ಅಳುವುದಿಲ್ಲ, ಹೇಳಿಕೊಂಡು ಅಳುತ್ತಾರೆ. ಸತ್ತವರನ್ನು ಮನೆ ಮುಂದೆ ಕೂರಿಸಿ, ಸುತ್ತ ಕೂತು, ಒಬ್ಬರು ರಾಗವಾಗಿ ಒಂದು ಮಾತು ಎತ್ತುತ್ತಾರೆ. ಮಿಕ್ಕವರು ಅದನ್ನು ಹಿಡಿದುಕೊಳ್ಳುತ್ತಾರೆ. ಮಾತಿಲ್ಲದೆ ಹೆಣ ಎತ್ತಿದರೆ ಹೋದವರಿಗೆ ನೆಮ್ಮದಿಯಿಲ್ಲ ಅಂತ ನಂಬಿಕೆ. ಸುತ್ತಮುತ್ತಲ ಊರುಗಳಲ್ಲಿ ಆ ಮೊದಲ ಮಾತು ಎತ್ತುವುದಕ್ಕೆ ನಮ್ಮ ಅತ್ತೆಯನ್ನೇ ಕರೆಯುತ್ತಿದ್ದರು. ಅವರ ತವರು ಮದ್ದೂರು ಕಡೆ; ಅವರ ಅಜ್ಜಿಯೂ ಇದಕ್ಕೇ ಹೆಸರಾಗಿದ್ದರಂತೆ.

ಅತ್ತೆ ನೇರವಾಗಿ ಸಾವಿನ ಮನೆಗೆ ಹೋಗುತ್ತಿರಲಿಲ್ಲ. ಮೊದಲು ಪಕ್ಕದ ಮನೆಯ ಜಗುಲಿಯಲ್ಲಿ ಕೂತು ವಿಚಾರಿಸುತ್ತಿದ್ದರು. ಸತ್ತವರಿಗೆ ಯಾವ ಎತ್ತಿನ ಮೇಲೆ ಪ್ರೀತಿ, ಯಾರ ಜತೆ ಮಾತು ಬಿಟ್ಟಿದ್ದರು, ಸಾರಿಗೆ ಖಾರ ಹೆಚ್ಚು ಬೇಕಿತ್ತೋ ಕಡಿಮೆಯೋ. ಇದೆಲ್ಲ ತಿಳಿದ ಮೇಲೆ ಎದ್ದು ಸೆರಗು ಸರಿಮಾಡಿಕೊಂಡು ಹೋಗುತ್ತಿದ್ದರು.

ಒಂದು ಸಲ ಯಲಿಯೂರಿನಲ್ಲಿ ಒಬ್ಬ ಹಿರಿಯ ತೀರಿಕೊಂಡ. ಜೀವಮಾನವೆಲ್ಲ ಬೈದುಕೊಂಡೇ ಬದುಕಿದ ಮನುಷ್ಯ. ಅವನ ಹೆಂಡತಿ ಕಲ್ಲಿನಂತೆ ಕೂತಿದ್ದಳು. ನೆರೆದ ಹೆಂಗಸರು, ಇವನಿಗೆ ಅತ್ತೆ ಏನು ಹೇಳುತ್ತಾರೋ ನೋಡೋಣ ಅಂತ ಸೆರಗಿನ ಮರೆಯಲ್ಲಿ ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅತ್ತೆ ಹೋಗಿ ಹೆಣದ ಎದುರು ಕೂತು ರಾಗ ಎತ್ತಿದರು:

“ನೀನು ಬೈದಂಗೆ ಇನ್ಯಾರಪ್ಪ ಬಯ್ಯೋರು, ನಿನ್ ಬಾಯ್ಗೆ ಎದ್ರಿ ದನ ಗದ್ದೆಗಿಳೀತಿರ್ನಿಲ್ವಲ್ಲಪ್ಪ, ಇನ್ಮ್ಯಾಕೆ ಬೀದಿ ಬಿಕೋ ಅಂತದಲ್ಲಪ್ಪ...”

ಮೊದಲು ಯಾರೋ ಕಿಸಕ್ಕೆಂದರು. ಆಮೇಲೆ ಆ ಹೆಂಡತಿ ‘ಅಯ್ಯೋ’ ಎಂದು ಎದೆ ಬಡಿದುಕೊಂಡು ಅಳುವುದಕ್ಕೆ ಶುರುಮಾಡಿದಳು. ಅವಳು ಅವತ್ತು ಅತ್ತದ್ದು ಅದೇ ಮೊದಲು.

ವಾಪಸು ಬರುವಾಗ ನಾನು ಕೇಳಿದೆ, “ಅಲ್ಲ ಅತ್ತೆ, ಒಂದು ಒಳ್ಳೇ ಮಾತು ಸೇರಿಸಬಹುದಿತ್ತಲ್ಲ?”

“ಇಲ್ದಿದ್ ಗುಣ ಯೋಳುದ್ರೆ, ಸತ್ತೋರ್ಗೆ ಅದು ತಮ್ದು ಅಂತ ಗೊತ್ತಾಗಕಿಲ್ಲ ಕಣಮ್ಮ. ಯಾರ್ದೋ ಅಂತ ಸುಮ್ಕೆ ಕೂತಿರ್ತರೆ,” ಎಂದರು.

ನಾನು ಮಳವಳ್ಳಿಯವಳು. ಅಲ್ಲಿ ಮಿಡ್ಲ್ ಸ್ಕೂಲಿನವರೆಗೆ ಓದಿದ್ದೆ. ನನ್ನ ಗಂಡ ಸರ್ಕಾರದ ವಿ.ಸಿ. ಫಾರಂನಲ್ಲಿ ಕಬ್ಬಿನ ತಾಕುಗಳ ಮೇಸ್ತ್ರಿ. ಮಂಡ್ಯಕ್ಕೆ ಹೋದಾಗಲೆಲ್ಲ ವಾಚನಾಲಯದಿಂದ ಒಂದು ಪುಸ್ತಕ ತರುತ್ತಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ನಾನು ಗಟ್ಟಿಯಾಗಿ ಓದುತ್ತಿದ್ದೆ. ಅತ್ತೆಗೆ ಅಕ್ಷರ ಬರುತ್ತಿರಲಿಲ್ಲ. ರಾಜರ ಕಥೆ, ಯುದ್ಧದ ಕಥೆ ಅವರಿಗೆ ಸೇರುತ್ತಿರಲಿಲ್ಲ. ಒಬ್ಬರು ತಾವು ಯಾರು, ಹೇಗೆ ಬದುಕಿದೆವು ಅಂತ ತಾವೇ ಬರೆದುಕೊಂಡ ಪುಸ್ತಕವಾದರೆ ಕೆಲಸ ಬಿಟ್ಟು ಬಂದು ಕೂರುತ್ತಿದ್ದರು.

“ಸತ್ತೋರ್ ವಿಸ್ಯ ಯೋಳೋಕೆ ನಾನಿವ್ನಿ. ಬದ್ಕಿರೋರು ತಾವೇ ಯೋಳ್ಕಬೇಕಲ್ಲ, ಪಾಪ. ಅದು ಕಷ್ಟ,” ಅನ್ನುತ್ತಿದ್ದರು.

ಹಾಗಂತ ಬರೆದವರಿಗೆ ರಿಯಾಯಿತಿ ಇರಲಿಲ್ಲ. ಒಬ್ಬರು ತಾವು ಬಾಲ್ಯದಿಂದಲೂ ಸತ್ಯವನ್ನೇ ನುಡಿದು ಬೆಳೆದವರು ಅಂತ ಬರೆದಿದ್ದರು. ಅತ್ತೆ ತಲೆ ಎತ್ತಿ, “ಯಾಕೆ, ಇವ್ನು ಬೆಲ್ಲ ಕದ್ದು ಅವ್ವನ್ ಕೈಲಿ ಏಟೇ ತಿಂದಿಲ್ವ? ಬುಡು, ಮುಂದಕ್ಕೋಗು,” ಅಂದರು. ಇನ್ನೊಬ್ಬರು, ಅಮ್ಮ ತಮ್ಮನಿಗೆ ದೊಡ್ಡ ರೊಟ್ಟಿ ಕೊಟ್ಟಳೆಂದು ತಾನು ಹಿತ್ತಲಿನಲ್ಲಿ ನಿಂತು ಅತ್ತದ್ದನ್ನೂ, ಮುದುಕರಾದ ಮೇಲೂ ಆ ಹೊಟ್ಟೆಕಿಚ್ಚು ಹೋಗಿಲ್ಲವೆಂದೂ ಬರೆದಿದ್ದರು. ಅದನ್ನು ಕೇಳಿ ಅತ್ತೆ ಮಗನ ಕಡೆ ತಿರುಗಿ, “ಸಿಕ್ದ ಕಣ್ಲಾ! ತನ್ ಕೈಗೆ ತಾನೇ ಸಿಕ್ದ!” ಎಂದು ತೊಡೆ ತಟ್ಟಿದರು.

“ನಮ್ಮವ್ವಂಗೆ ಪುಸ್ತಕ ಬರೆದೋರ್ನೂ ಒಸಿ ವಿಚಾರಿಸ್ಕಳ್ದಿದ್ರೆ ನಿದ್ದೆ ಬರಕಿಲ್ಲ,” ಅಂತ ಇವರು ನಗುತ್ತಿದ್ದರು.

ನಾಲೆ ಬಂದ ಮೇಲೆ ನಮ್ಮ ಕಡೆ ನೀರು ಬಂತು, ಅದರ ಜತೆಗೆ ಚಳಿಜ್ವರವೂ ಬಂತು. ಯುದ್ಧದ ಕಾಲ. ಅದಕ್ಕೆ ಕೊಡುವ ಕ್ವಿನೈನು ಮಾತ್ರೆ ಸಿಗುವುದು ಕಷ್ಟವಾಗಿತ್ತು. ಇವರು ಜ್ವರದಲ್ಲೇ ಫಾರಂಗೆ ಹೋಗಿ ಬಂದು ಮಲಗಿದರು. ಮತ್ತೆ ಏಳಲಿಲ್ಲ.

ಮನೆ ಮುಂದೆ ಕೂರಿಸಿದರು. ಎಲ್ಲಾ ಊರುಗಳಿಂದ ಹೆಂಗಸರು ಬಂದರು. ಅವರ ಮನೆಗಳಿಗೆಲ್ಲ ಅತ್ತೆ ಹೋಗಿ ಅತ್ತಿದ್ದರು. ಸುತ್ತ ಕೂತು ಅತ್ತೆಯ ಮಾತಿಗೆ ಕಾದರು. ಅತ್ತೆ ಮಗನ ಪಾದದ ಮೇಲೆ ಕೈ ಇಟ್ಟುಕೊಂಡು ಬಾಯಿ ತೆರೆದರು, ಮುಚ್ಚಿದರು. ಮತ್ತೆ ತೆರೆದರು. ಏನೂ ಬರಲಿಲ್ಲ. ಹೊತ್ತು ಏರುತ್ತಿತ್ತು. ಕೊನೆಗೆ ಒಬ್ಬ ಮುದುಕಿ ಉಪಾಯವಿಲ್ಲದೆ, “ಚಿನ್ನದಂಥ ಮಗ್ನೇ, ಮುತ್ತಿನಂಥ ಮಗ್ನೇ...” ಎಂದು ಶುರುಮಾಡಿದಳು.

ಅತ್ತೆ ಕೈ ಎತ್ತಿದರು. “ಬ್ಯಾಡ ಕಣಕ್ಕ. ಅವ್ನಲ್ಲ ಅದು.”

ಆಮೇಲೆ ಯಾರೂ ಬಾಯಿ ಬಿಡಲಿಲ್ಲ. ನನ್ನ ಗಂಡ ಬರೀ ತಮಟೆಯ ಸದ್ದಿನಲ್ಲಿ ಹೋದರು.

ಊರು ಸುಮ್ಮನಿರುತ್ತದೆಯೇ? “ಊರ್ನೋರ್ಗೆಲ್ಲ ಅತ್ತೋಳು, ಒಟ್ಟೆಲುಟ್ಟಿದ್ ಮಗಂಗೆ ಒಂದ್ ಮಾತಾಡ್ನಿಲ್ಲ,” ಅಂದರು. ಅತ್ತೆಗೂ ಅದು ಕೇಳಿಸಿತು. ಅವರು ಬೇರೆ ಸಾವುಗಳಿಗೆ ಹೋಗುವುದನ್ನು ಬಿಟ್ಟರು. ಕರೆಯಲು ಬಂದವರಿಗೆ, “ನನ್ ಮನೇದೇ ಬಾಕಿ ಅದೆ,” ಎಂದು ಬಾಗಿಲಿನಿಂದಲೇ ಕಳಿಸುತ್ತಿದ್ದರು. ಒಂದು ದಿನ ರಾಗಿ ಬೀಸುತ್ತಾ ಇದ್ದಕ್ಕಿದ್ದಂತೆ ಕಲ್ಲು ನಿಲ್ಲಿಸಿ ನನಗೆ ಹೇಳಿದರು: “ಅವ್ನಿನ್ನೂ ಓಗಿಲ್ಲ ಕಣಮ್ಮ. ಅವ್ವ ಏನಾರ ಅಂತಳೆ ಅಂತ ಅಲ್ಲೇ ಆಚೆ ನಿಂತವ್ನೆ.”

ನನಗೆ ಅವರ ಸಂಕಟ ನೋಡಲಾಗಲಿಲ್ಲ. ನಾನೂ ಅತ್ತಿರಲಿಲ್ಲ, ನನ್ನೊಳಗೂ ಎಲ್ಲ ಗಟ್ಟಿಯಾಗಿ ಕೂತಿತ್ತು. ಮಾತು ಸಿಗದಿದ್ದರೆ ನಾನೇ ಹುಡುಕಿ ಕೊಡೋಣ ಅಂದುಕೊಂಡೆ. ಓದಿದ ಪುಸ್ತಕಗಳಿಂದ ಒಳ್ಳೊಳ್ಳೆಯ ಮಾತುಗಳನ್ನು ನೆನಪು ಮಾಡಿಕೊಂಡು, ಬಾಳಿನ ದೀಪ ನಂದಿತು, ಅರಳುವ ಹೂವು ಬಾಡಿತು ಅಂತೆಲ್ಲ ಕೂಡಿಸಿ ಬರೆದು, ಅವರ ಎದುರು ಕೂತು ಓದಿದೆ. ಅತ್ತೆ ಪೂರ್ತಿ ಕೇಳಿದರು. ಆಮೇಲೆ ಬಹಳ ಮೆತ್ತಗೆ ಕೇಳಿದರು:

“ಚೆಂದಾಗದೆ ಕಣಮ್ಮ. ಯಾರ್ ಸತ್ರು?”

ಅವರು ನನ್ನನ್ನು ಹೀಯಾಳಿಸಲಿಲ್ಲ. ನಿಜವಾಗಿ ಅವರಿಗೆ ಗೊತ್ತಾಗಿರಲಿಲ್ಲ. ನಾನು ಆ ಹಾಳೆಯನ್ನು ಒಲೆಗೆ ಹಾಕಿದೆ.

ಇವರು ಕೊನೆಯದಾಗಿ ತಂದ ಪುಸ್ತಕ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು. ಮುಟ್ಟಲು ಅತ್ತೆ ಬಿಡುತ್ತಿರಲಿಲ್ಲ, ವಾಪಸು ಕಳಿಸಲೂ ಬಿಡುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ, ನಡುಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾಗ, ತಾವೇ ಹೇಳಿದರು: “ಅದ್ನ ತಗಿ. ಅವ್ನು ತಂದಿದ್ದು. ಏನಿದ್ದದೋ ನೋಡ್ಮ.”

ಯಾರೋ ಒಬ್ಬರು ತಮ್ಮ ಬದುಕಿನ ಬಗ್ಗೆ ಬರೆದ ಪುಸ್ತಕ. ನಾನು ಯಾರು ಅನ್ನುವುದನ್ನು ತಿಳಿಯಲು ಹೊರಟಿದ್ದೇನೆ ಎಂದು ದೊಡ್ಡದಾಗಿಯೇ ಶುರುಮಾಡಿದ್ದರು. ಅತ್ತೆ ಎರಡು ಸಲ ‘ಮುಂದಕ್ಕೋಗು’ ಅಂದರು. ಆಮೇಲೆ ತಂದೆ ಸತ್ತ ಪ್ರಸಂಗ ಬಂತು. ಬರೆದವರು ತಂದೆಯ ಗುಣಗಳನ್ನು ವರ್ಣಿಸಲು ಹೊರಟು, ಬರೆದದ್ದನ್ನೆಲ್ಲ ಹರಿದು ಹಾಕಿ, ಕೊನೆಗೆ ಒಪ್ಪಿಕೊಂಡಿದ್ದರು: ತನಗೆ ನಿಜವಾಗಿ ಗೊತ್ತಿರುವುದು ಅಪ್ಪ ಹುಳಿ ಮಜ್ಜಿಗೆ ಮುಟ್ಟುತ್ತಿರಲಿಲ್ಲ ಅನ್ನುವುದೊಂದೇ; ಮಿಕ್ಕದ್ದೆಲ್ಲ ಊರು ಹೇಳಿಕೊಟ್ಟದ್ದು.

“ಇನ್ನೊಂದ್ಸಲ ಓದು,” ಅಂದರು ಅತ್ತೆ.

ಓದಿದೆ. ಅವರ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಹೊರಗೆ ಅಂಗಳದ ಬಿಸಿಲು ನೋಡುತ್ತಾ, ಯಾರಿಗೋ ಹೇಳುವಂತೆ ಸಣ್ಣ ದನಿಯಲ್ಲಿ ಹೇಳಿದರು: “ಮುದ್ದೆ ಆರೋಗಂಟ ಅವ್ನು ಕಾಯ್ತಿರ್ನಿಲ್ಲ.”

ನನಗೂ ಅದು ಕಣ್ಣಿಗೆ ಕಟ್ಟಿತು. ಹೌದು, ಇವರು ಕಾಯುತ್ತಿರಲಿಲ್ಲ. ಕೂತ ಕೂಡಲೇ ಕೈ ಇಕ್ಕುವುದು, ಬೆರಳು ಸುಟ್ಟುಕೊಂಡು ಬಾಯಿಂದ ಊದುವುದು, ‘ಬೆಂಕಿ ಇಕ್ಕಿದ್ಯಲ್ಲವ್ವ’ ಎಂದು ಅವ್ವನನ್ನೇ ಬೈಯುವುದು. ದಿನವೂ ಅದೇ.

“ದಿನಾ ಸುಟ್ಕಳನು, ದಿನಾ ನನ್ನೇ ಬಯ್ಯನು,” ಎಂದರು ಅತ್ತೆ. ಆ ಮಾತು ಮುಗಿಯುತ್ತಿದ್ದಂತೆ ಅವರ ದನಿ ತಾನಾಗಿ ಮೇಲಕ್ಕೆ ಹೋಯಿತು:

“ಬಿಸಿ ಮುದ್ದೆಗೆ ಬೆರಳಿಕ್ದೋನೇ, ಉಫ್ ಅಂದು ಅವ್ವನ್ನ ಬೈದೋನೇ... ಮುದ್ದೆ ಆರ್ತಾ ಅದಲ್ಲೋ ಮಗ್ನೇ, ಆರಿ ಕಲ್ಲಾಯ್ತಾ ಅದಲ್ಲೋ... ಬಂದ್ ಬೈಯ್ಯೋ ನನ್ನ, ಒಂದ್ಸಲ ಬೈಯ್ಯೋ...”

ಹಾಡುಹಗಲು ಸಾವಿನ ರಾಗ ಕೇಳಿ ಬೀದಿಯ ಹೆಂಗಸರೆಲ್ಲ ಗಾಬರಿಯಾಗಿ ಓಡಿ ಬಂದರು. ಒಬ್ಬಳ ಕೈ ತುಂಬ ಸಗಣಿ, ಇನ್ನೊಬ್ಬಳ ಸೊಂಟದಲ್ಲಿ ಮಗು. “ಯಾರ್ಗೇನಾಯ್ತು? ಯಾರ್ಗೇನಾಯ್ತು?” ಸಂಗತಿ ತಿಳಿದ ಮೇಲೆ ಪಕ್ಕದ ಮನೆಯವಳು ಅತ್ತೆಯ ಭುಜ ಹಿಡಿದು, “ಸುಮ್ಕಿರವ್ವ, ಅವ್ನು ಸತ್ತು ಯಾವ್ ಕಾಲ ಆಯ್ತು!” ಅಂದಳು.

“ನಿಮ್ಗಾಯ್ತು. ನನ್ ಪಾಲ್ಗೆ ಇವತ್ ಸತ್ತ ಕಣಮ್ಮ,” ಅಂದರು ಅತ್ತೆ.

ಪಕ್ಕದ ಮನೆಯವಳು ಕೈ ತೆಗೆದಳು. ಅತ್ತೆಯ ಪಕ್ಕದಲ್ಲೇ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಮುದ್ದೆಯ ಮಾತನ್ನು ಎಲ್ಲರೂ ಹಿಡಿದುಕೊಂಡರು. ನಾನೂ ಅವತ್ತು ಅತ್ತುಬಿಟ್ಟೆ. ಬಿಸಿಲು ಇಳಿಯುವ ಹೊತ್ತಿಗೆ ಅತ್ತೆ ಎದ್ದು ಮುಖ ತೊಳೆದು, ಅಂಗಳಕ್ಕೆ ನೀರು ಹಾಕಿ, ಒಲೆ ಹಚ್ಚಿದರು. ಅವನು ಇನ್ನೂ ಆಚೆ ನಿಂತಿದ್ದಾನೆ ಅನ್ನುವ ಮಾತು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ನಮಗೆ ಮಕ್ಕಳಿರಲಿಲ್ಲ. ಆ ಬೇಸಿಗೆಯಲ್ಲಿ ನನ್ನ ಅಣ್ಣ ಮಳವಳ್ಳಿಯಿಂದ ಗಾಡಿ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಹೋಗಲು ಬಂದ. ಅತ್ತೆ ಅವನಿಗೆ ಊಟಕ್ಕೆ ಬಡಿಸುತ್ತಾ, “ಕರ್ಕಂಡೋಗಪ್ಪ, ನಿನ್ ತಂಗೀನ. ಆದ್ರೆ ನಂಗೆ ಓದೋರ್ಯಾರು ಅಂತ ಒಸಿ ಯೋಳ್ಬುಟ್ಟು ಓಗು,” ಅಂದರು. ಅಣ್ಣ ನನ್ನ ಮುಖ ನೋಡಿದ. ನಾನು ಗಾಡಿ ಹತ್ತಲಿಲ್ಲ.

ಮುಂದೆ ನಮ್ಮೂರ ಸ್ಕೂಲಿನ ಮೇಷ್ಟ್ರು ಮಂಡ್ಯದಿಂದ ಪುಸ್ತಕ ತಂದುಕೊಡುತ್ತಿದ್ದರು. ಅತ್ತೆ ಮತ್ತೆ ಸಾವಿನ ಮನೆಗಳಿಗೆ ಹೋಗತೊಡಗಿದರು. ಆದರೆ ಮೊದಲಿನಷ್ಟು ಹೇಳುತ್ತಿರಲಿಲ್ಲ. ಒಂದೋ ಎರಡೋ ಮಾತು, ಅಷ್ಟೇ ಸಾಕಾಗುತ್ತಿತ್ತು. ನನಗೂ ಒಂದು ದಿನ ಕೇಳಿದರು, “ನೀನ್ಯಾವಾಗ ಸಿಕ್ಕೀಯೆ ನಿನ್ ಕೈಗೆ?” ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ನಲವತ್ತೇಳನೇ ಇಸವಿ. ಸ್ವಾತಂತ್ರ್ಯ ಬರುತ್ತದೆ ಅಂತ ಎಲ್ಲೆಲ್ಲೂ ಮಾತು. ಅತ್ತೆಗೆ ಉಬ್ಬಸ ಹೆಚ್ಚಾಗಿ ಜಗುಲಿಗೂ ಬರಲಾಗುತ್ತಿರಲಿಲ್ಲ. ಆಗ ಮೇಷ್ಟ್ರು ಒಂದು ಪುಸ್ತಕ ತಂದುಕೊಟ್ಟರು. ಒಬ್ಬ ಹೆಂಗಸು ತನ್ನ ಬದುಕನ್ನು ತಾನೇ ಬರೆದದ್ದು. “ಎಂಗಸ್ರೂ ಬರ್ಕತರ!” ಎಂದು ಅತ್ತೆ ಎದ್ದು ಕೂತರು. ಯಾವತ್ತೂ ಇಲ್ಲದ ಆತುರ. ದಿನವೂ ಓದಿಸಿದರು. ಆ ಹೆಂಗಸು ಮದುವೆಯಾಗಿ ಗಂಡನ ಮನೆಗೆ ಹೊರಡುವಲ್ಲಿಗೆ ಒಂದು ಸಂಜೆ ನಿಲ್ಲಿಸಿದೆವು. “ನಾಳೀಕೆ ಮುಂದಕ್ಕೆ ಓದೀವಂತೆ,” ಅಂದರು. ಬೆಳಗ್ಗೆ ಕಾಫಿ ತೆಗೆದುಕೊಂಡು ಹೋದಾಗ ಅವರು ಇರಲಿಲ್ಲ.

ಮತ್ತೆ ಎಲ್ಲಾ ಊರುಗಳ ಹೆಂಗಸರೂ ಬಂದರು. ಅತ್ತೆಯನ್ನು ಮನೆ ಮುಂದೆ ಕೂರಿಸಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಮಗಳಂತೆ ಇದ್ದವಳು ನಾನೊಬ್ಬಳೇ. ನನಗೆ ಯಾವ ಮಾತೂ ಸಿದ್ಧವಿರಲಿಲ್ಲ. ಬದುಕಿದ್ದಷ್ಟು ದಿನ ಅತ್ತೆ ಅನ್ನುತ್ತಿದ್ದೆ, ಅವತ್ತು ಬಾಯಿಗೆ ಬಂದದ್ದು ಬೇರೆ:

“ಓದೋಕ್ ಶುರು ಮಾಡಿದ್ ಪುಸ್ತಕ ಮುಗೀನಿಲ್ವಲ್ಲವ್ವಾ...”

ಅಷ್ಟೇ. ಮುಂದೆ ನನಗೆ ಹೇಳಲಾಗಲಿಲ್ಲ. ಅಲ್ಲಿದ್ದವರಲ್ಲಿ ಒಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ. ಆದರೂ ಪಕ್ಕದ ಮನೆಯವಳು ನನ್ನ ಮಾತನ್ನೇ ರಾಗಕ್ಕೆ ಹಾಕಿ ಎತ್ತಿಕೊಂಡಳು, “ಪುಸ್ತಕ ಮುಗೀನಿಲ್ವಲ್ಲವ್ವಾ, ನಿನ್ ಪುಸ್ತಕ ಮುಗೀನಿಲ್ವಲ್ಲವ್ವಾ...” ಎಲ್ಲರೂ ಹಿಡಿದುಕೊಂಡರು. ಹೆಣ ಎತ್ತುವವರೆಗೂ ಅದೊಂದೇ ಮಾತಿನಲ್ಲಿ ಅತ್ತರು.

ಎಲ್ಲ ಮುಗಿದು ನಾಲೆಯಲ್ಲಿ ಸ್ನಾನ ಮಾಡಿ ಬಟ್ಟೆ ಹಿಂಡುತ್ತಿದ್ದಾಗ ಪಕ್ಕದ ಮನೆಯವಳು ಹತ್ತಿರ ಬಂದಳು.

“ಅದ್ಯಾವ್ ಪುಸ್ತಕ ಕಣಮ್ಮ?”

“ಒಬ್ಬ ಹೆಂಗಸು ತನ್ನ ವಿಷಯ ತಾನೇ ಬರೆದುಕೊಂಡಿರೋದು,” ಅಂದೆ.

“ನಮ್ಗೂ ಒಸಿ ಓದ್ ಯೋಳು.”

“ನಿಲ್ಲಿಸಿದ ಕಡೆಯಿಂದ ಓದಲಾ?”

“ಅದೆಂಗಾದದು? ನಾವ್ ಕೇಳೇ ಇಲ್ವಲ್ಲ. ಅವ್ಳು ಉಟ್ಟಿದ್ ತಾವಿಂದ ಓದು.”

ತಿಥಿ ಕಳೆದ ಮೇಲೆ ಒಂದು ಮಧ್ಯಾಹ್ನ ಕೆಲಸ ಮುಗಿಸಿಕೊಂಡು ಅವರೆಲ್ಲ ನಮ್ಮ ಜಗುಲಿಗೆ ಬಂದು ಕೂತರು. ನಾನು ಮೊದಲ ಪುಟ ತೆರೆದೆ.