ಟವೆಲಿನಡಿ ಬಂದ ಕೈ

ದೆವ್ವ, ಗಾಳಿ ಎಂದು ಯಾರಾದರೂ ಕಥೆ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಬರಿಗೈಯಲ್ಲಿ ಎತ್ತಿನ ವ್ಯಾಪಾರಕ್ಕೆ ಇಳಿದು ಮನೆ ಕಟ್ಟಿದವನು ನಾನು; ಕಣ್ಣಿಗೆ ಕಾಣದ್ದಕ್ಕೆ ಬೆಲೆ ಕಟ್ಟುವ ಚಟ ನನಗಿರಲಿಲ್ಲ. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಮಧ್ಯಾಹ್ನ ನೆನಪಾದರೆ ಎದ್ದು ಹೋಗಿ ಕೈ ತೊಳೆದುಕೊಳ್ಳುತ್ತೇನೆ.

ಎಪ್ಪತ್ತರ ದಶಕದ ಮಾತು. ನಾನು ಮತ್ತು ನನ್ನ ಪಾಲುದಾರ ದಸ್ತಗೀರ ಬಬಲೇಶ್ವರದ ಸಂತೆ, ತಿಕೋಟಾ, ವಿಜಾಪುರ ಎಂದು ಜನ ತುಂಬಿಕೊಂಡು ಹೋಗುವ ಬಾಡಿಗೆ ಜೀಪಿನಲ್ಲೇ ತಿರುಗುತ್ತಿದ್ದೆವು. ದಾರಿಯ ಬೇಸರ ಕಳೆಯಲು ಒಂದು ಆಟ ಕಲಿತಿದ್ದೆ. ಯಾರದಾದರೂ ಉಂಗುರ ಇಸಿದುಕೊಂಡು, ಅಂಗೈಯಲ್ಲಿಟ್ಟು, ಮೇಲೆ ಟವೆಲ್ ಹೊದಿಸುವುದು. ಒಬ್ಬೊಬ್ಬರಾಗಿ ಒಳಗೆ ಕೈ ಹಾಕಿ, ಮುಟ್ಟಿ, “ಐತಿ” ಎನ್ನಬೇಕು. ಕೊನೆಗೆ ಕೈ ಹಾಕುವವನು ದಸ್ತಗೀರ. ಅವನೇ ಗುಟ್ಟಾಗಿ ಎತ್ತಿಕೊಳ್ಳುತ್ತಿದ್ದ; ಟವೆಲ್ ತೆಗೆದರೆ ಉಂಗುರ ಮಾಯ. ಎತ್ತಿನ ವ್ಯಾಪಾರದಲ್ಲಿ ದರ ಕೇಳುವುದು, ಹೇಳುವುದು ಎಲ್ಲ ಟವೆಲಿನಡಿ ಬೆರಳು ಹಿಡಿದೇ. ಅಲ್ಲಿ ಇಣುಕುವುದು ನಮ್ಮ ಕಡೆ ಮರ್ಯಾದೆಯಲ್ಲ. ಹಾಗಾಗಿ ಆಟದಲ್ಲೂ ಯಾರೂ ಇಣುಕುತ್ತಿರಲಿಲ್ಲ.

ಅಂದು ವಿಜಾಪುರದಿಂದ ತಿಕೋಟಾಕ್ಕೆ ಹೊರಟಿದ್ದೆವು. ಎದುರಿನ ಸೀಟಿನಲ್ಲಿ ಘೋಣಸಗಿ ಊರಿನ ಒಬ್ಬ ಮುದುಕ ರೈತ. ಅಳಿಯನಾಗುವವನಿಗೆ ಹಾಕಲು ಉಂಗುರ ಮಾಡಿಸಿಕೊಂಡು ಹೊರಟಿದ್ದ. ಮಗಳ ನಿಶ್ಚಯ ಅಂದು ಸಂಜೆಯೇ. ನಾನೇ ಪುಸಲಾಯಿಸಿ ಅದನ್ನು ಇಸಿದುಕೊಂಡೆ. ಜೀಪಿನಲ್ಲಿದ್ದ ಬೇರೆ ಮೂವರು ಮುಟ್ಟಿ “ಐತಿ” ಎಂದರು. ಮುದುಕನೂ ಮುಟ್ಟಿ, “ಐತಿ, ಐತಿ” ಎಂದು ಬೊಚ್ಚುಬಾಯಲ್ಲಿ ನಕ್ಕ.

ಆಮೇಲೆ ಇನ್ನೊಂದು ಕೈ ಬಂತು. ದಸ್ತಗೀರನದೇ ಎಂದುಕೊಂಡೆ. ಆದರೆ ತಣ್ಣಗೆ, ಲೋಳೆಲೋಳೆ; ವಾರಗಟ್ಟಲೆ ನೀರಿನಲ್ಲಿ ನೆನೆದ ತೊಗಲಿನ ಹಾಗೆ ಅದರ ಚರ್ಮ ನನ್ನ ಕೈಗೆ ಅಂಟಿ ಜಾರಿತು. ಅದು ನನ್ನ ಎರಡು ಬೆರಳು ಹಿಡಿಯಿತು, ದರ ಕೇಳುವವರು ಹಿಡಿಯುವಂತೆಯೇ. ಅಭ್ಯಾಸಬಲ ನೋಡಿ, ನಾನು ತಿರುಗಿ ಅದುಮಿದೆ. ನಮ್ಮಲ್ಲಿ ಅದುಮಿದರೆ ದರ ಒಪ್ಪಿದಂತೆ, ಸೌದಾ ಮುಗಿದಂತೆ.

ಟವೆಲ್ ಎಳೆದೆ. ಉಂಗುರ ಇರಲಿಲ್ಲ. ಎಲ್ಲರೂ ನಕ್ಕರು. ಪಕ್ಕದಲ್ಲಿದ್ದ ದಸ್ತಗೀರನಿಗೆ ಕಣ್ಣು ಹೊಡೆಯಲು ತಿರುಗಿದರೆ ಅವನು ಎಡಗೈಯಲ್ಲಿ ತಂಬಾಕು ಹಾಕಿಕೊಂಡು ಬಲಗೈ ಹೆಬ್ಬೆರಳಿನಿಂದ ಸುಣ್ಣ ತಿಕ್ಕುತ್ತ ಕುಳಿತಿದ್ದ.

“ಮುಗಿಸೇ ಬಿಟ್ಟಿ ಏನಲೇ? ನಾ ಇನ್ನೂ ಕೈ ಹಾಕಿಲ್ಲ,” ಎಂದ.

ಜೀಪು ನಿಲ್ಲಿಸಿ ಎಲ್ಲರೂ ಧೋತರ, ಚೀಲ ಕೊಡವಿದರು. ಸಿಗಲಿಲ್ಲ. ಮುದುಕ ಇನ್ನೂ ಆಟವೆಂದೇ ತಿಳಿದು ಕೈ ಚಾಚಿಕೊಂಡಿದ್ದ. “ಸಾಕ ಬಿಡಪಾ, ಚಲೋ ನಗಿಸಿದಿ. ಈಗ ಕೊಡು. ಬೀಗರು ಬಂದ ಕುಂತಿರತಾರ.”

ನನ್ನ ಬೆರಳಿನ ಉಂಗುರ ಕಿತ್ತು ಕೊಟ್ಟೆ. ಅವನು ತಿರುಗಿಸಿ ನೋಡಿದ. “ಇದು ಹಾಕ್ಕೊಂಡು ಸವದದ್ದೈತಿ. ಹೊಸಾ ಅಳಿಯಾಗ ಇದನ್ನ ಹ್ಯಾಂಗ ಹಾಕಲಿ?” ಎಂದ. ಆದರೂ ಒಯ್ದ, ಬೇರೆ ದಾರಿಯಿರಲಿಲ್ಲ. ಆಗ ನನ್ನ ಬಗ್ಗೆಯೇ ನನಗೆ ಹುಟ್ಟಿದ ಹೇಸಿಕೆ ಆ ಕೈಯ ಹೇಸಿಕೆಗಿಂತ ಕಡಿಮೆಯದಲ್ಲ.

ತಿಕೋಟಾದಲ್ಲಿ ಇಳಿದು ಬೂದಿ ಹಚ್ಚಿ, ಮಣ್ಣು ಹಚ್ಚಿ ಕೈ ತಿಕ್ಕಿದೆ. ಆ ಕೈಯಿಂದ ಅಂಟಿದ ಕೊಳೆತ ವಾಸನೆ ಹೋಗಲಿಲ್ಲ. ಎಂಟು ದಿನ ಚಮಚೆಯಲ್ಲಿ ಉಂಡೆ. ಪ್ರಯಾಣದಲ್ಲಿ ಜಾದೂ ತೋರಿಸುವ ಹುರುಪಿದ್ದವರಿಗೆ ನನ್ನ ಬುದ್ಧಿಮಾತು ಇಷ್ಟೇ: ಆಟಕ್ಕೆ ನಿಮ್ಮ ವಸ್ತುವನ್ನೇ ಬಳಸಿ. ಮತ್ತೊಬ್ಬರ ಶುಭಕಾರ್ಯದ್ದನ್ನು ಮುಟ್ಟಬೇಡಿ.

ಆ ಕೈ ನನ್ನ ಎರಡು ಬೆರಳು ಹಿಡಿದದ್ದನ್ನು ಅಂದೇ ದಸ್ತಗೀರನಿಗೆ ಹೇಳಿದೆ. ಅವನು ತಂಬಾಕು ಉಗುಳಿ ಕೇಳಿದ, “ನೀ ಅದುಮಿದಿ ಏನು?”

“ಇಲ್ಲ,” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಅಂದಿನಿಂದ ನನ್ನ ಜೊತೆ ಟವೆಲಿನಡಿ ಕೈ ಹಾಕಲಿಲ್ಲ; ದರವನ್ನು ಬಾಯಲ್ಲೇ ಹೇಳುತ್ತಿದ್ದ. ನಾನು ಯಾರಿಗೆ, ಏನನ್ನು ಒಪ್ಪಿಕೊಂಡೆನೋ ಇವತ್ತಿಗೂ ತಿಳಿದಿಲ್ಲ.