ಇಪ್ಪತ್ತೇಳನೆಯ ಕಂತು

ಜೂನ್ 30, ಸೋಮವಾರ, ಮಧ್ಯಾಹ್ನ ಎರಡು ಗಂಟೆ. ನಮ್ಮ ಭಾಗದ ಕೇಬಲ್ ಚಾನೆಲ್ಲಿನಲ್ಲಿ ಆ ಹಳೆಯ ಧಾರಾವಾಹಿ ಮತ್ತೆ ಶುರುವಾಯಿತು. ಬೈಲಹೊಂಗಲದ ಮನೆಯಲ್ಲಿ ದೊಡ್ಡಮ್ಮ ಊಟದ ತಟ್ಟೆ ಹಿಡಿದುಕೊಂಡೇ ಟಿವಿ ಮುಂದೆ ಕುಳಿತಳು. ನಾನು ಡೈರಿ ತೆರೆದೆ.

ಇಪ್ಪತ್ತು ವರ್ಷಗಳ ಹಿಂದೆ ಆಕೆ ಇದನ್ನು ಒಂದು ದಿನವೂ ತಪ್ಪಿಸದೆ ನೋಡಿದ್ದಳು. ತಪ್ಪಿದ್ದು ಕೊನೆಯ ಕಂತು ಮಾತ್ರ. ಅಂದು ಮಧ್ಯಾಹ್ನ ಆಕೆ ಆಸ್ಪತ್ರೆಯಲ್ಲಿ ನನ್ನ ತಾಯಿಯ ಜೊತೆಗಿದ್ದಳು. ನಾನು ಹುಟ್ಟಿದ್ದು ಎರಡೂ ಹತ್ತಕ್ಕೆ. ಕಥೆಯಲ್ಲಿ ಮನೆ ಬಿಟ್ಟು ಹೋದ ಸೊಸೆ ತಿರುಗಿ ಬಂದಳೋ ಇಲ್ಲವೋ, ದೊಡ್ಡಮ್ಮನಿಗೆ ಇನ್ನೂ ಗೊತ್ತಿರಲಿಲ್ಲ. ಯಾರಾದರೂ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಹೇಳಬ್ಯಾಡ್ರಿ, ನಾನ ನೋಡತೇನಿ." ಮೊಬೈಲಿನಲ್ಲಿ ಎಷ್ಟು ಹುಡುಕಿದರೂ ನನಗೆ ಸಿಕ್ಕಿದ್ದು ಶೀರ್ಷಿಕೆ ಗೀತೆಯೊಂದೇ.

ಚಾನೆಲ್ಲಿನ ಕಚೇರಿ ಸವದತ್ತಿಯಲ್ಲಿದೆ. ಅದನ್ನು ನಡೆಸುವವರಿಗೆ ಫೋನ್ ಮಾಡಿದೆ. ಕೊನೆಯ ಇಪ್ಪತ್ತೇಳು ಕಂತುಗಳ ಸಿ.ಡಿ. ಮಾತ್ರ ಸಿಕ್ಕಿವೆ, ದಿನಕ್ಕೊಂದು ಕಂತು, ರವಿವಾರ ಸಿನಿಮಾ ಎಂದರು. "ಸೋಮವಾರ ಎರಡ ಹಾಕತೇವ್ರಿ. ಅವತ್ತ ಎತ್ತು ಹೂಡೂದಿಲ್ಲಲ್ರಿ, ಹೆಣ್ಣಮಕ್ಕಳು ಮನ್ಯಾಗ ಇರತಾರ." ಆ ಎರಡು ಕಂತುಗಳ ನಡುವೆ ಹುಟ್ಟುಹಬ್ಬದ ಶುಭಾಶಯಗಳು ಬರುತ್ತಿದ್ದವು.

ಲೆಕ್ಕ ಹಾಕಿದೆ. ವಾರಕ್ಕೆ ಏಳು ಕಂತು, ಮೂರು ವಾರಕ್ಕೆ ಇಪ್ಪತ್ತೊಂದು. ಕೊನೆಯದು ಜುಲೈ 25, ಶುಕ್ರವಾರ. ಆ ತಾರೀಖಿಗೆ ಕೆಂಪು ಗೆರೆ ಎಳೆದು ದೊಡ್ಡಮ್ಮನಿಗೆ ತೋರಿಸಿದೆ. ಅಂದಿನಿಂದ ಆಕೆ ಗಡಿಯಾರ ನೋಡುವುದನ್ನು ಬಿಟ್ಟು ನನ್ನನ್ನೇ ಕೇಳತೊಡಗಿದಳು. ಕರೆಂಟು ಹೋದದ್ದು ಮೂರು ಸಲ. ಆಗೆಲ್ಲ ಕಿತ್ತೂರಿನ ತಂಗಿಗೆ ಫೋನ್ ಮಾಡಿ, ಅವರ ಟಿವಿಯ ದನಿಯನ್ನೇ ಕೇಳುತ್ತಾ ಕೂಡುತ್ತಿದ್ದಳು.

ಜುಲೈ 24, ಗುರುವಾರ. ಇಪ್ಪತ್ತಾರನೆಯ ಕಂತು ಮುಗಿಯಿತು. ಪರದೆಯ ಮೇಲೆ ಯಾರದೋ ಮಗುವಿನ ಫೋಟೋ, ಕೇಕು.

"ಇವತ್ತ ಒಂದ ಹೌದಲ್ಲೇನ?" ಎಂದಳು ದೊಡ್ಡಮ್ಮ.

"ಒಂದೇ. ಕಡೀದು ನಾಳಿ."

ಆಕೆ ಟಿವಿ ಆರಿಸಿದಳು.

ಮರುದಿನ ಎರಡು ಗಂಟೆಗೆ ತಲೆಗೆ ಎಣ್ಣೆ ಹಚ್ಚಿ, ಬಾಚಿಕೊಂಡು, ಒಗೆದ ಸೀರೆ ಉಟ್ಟು ಕುಳಿತಿದ್ದಳು. ಪರದೆಯ ಮೇಲೆ ಯಾರೋ ಬದನೆಕಾಯಿ ಎಣ್ಣೆಗಾಯಿ ಮಾಡುವುದನ್ನು ತೋರಿಸುತ್ತಿದ್ದರು. ಐದು ನಿಮಿಷ ಕಾದು ಸವದತ್ತಿಗೆ ಫೋನ್ ಮಾಡಿದೆ.

"ನಿನ್ನೇನ ಮುಗೀತಲ್ರಿ. ಅಮಾಸಿ ಇತ್ತಲ್ಲಾ, ಎರಡ ಹಾಕಿದ್ವಿ. ಅಮಾಸಿಗೂ ಎತ್ತು ಹೂಡೂದಿಲ್ಲ. ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ನಮ್ಮದು ಬಟ್ಟೆ ಅಂಗಡಿ, ಮನೆಯಲ್ಲಿ ಎತ್ತುಗಳಿಲ್ಲ. ಆದರೆ ಗುರುವಾರ ಬೆಳಿಗ್ಗೆ ಅಂಗಡಿಯಲ್ಲಿ ಅಮಾವಾಸ್ಯೆ ಪೂಜೆಗೆ ಕಾಯಿ ಒಡೆದವಳು ನಾನೇ.

ಇನ್ನೊಮ್ಮೆ ಹಾಕಿರೆಂದು ಬೇಡಿಕೊಂಡೆ. "ಹಾಕತಿದ್ದೆ ತಂಗಿ. ಆ ಸಿ.ಡಿ. ನಿನ್ನೆ ಅರ್ಧಕ್ಕ ನಿಂತದ್ದು ಮುಂದ ಹೋಗಲೇ ಇಲ್ಲ. ಹಾಡು ಹಾಕಿ ವ್ಯಾಳ್ಯಾ ತುಂಬಿಸಿದ್ವಿ" ಎಂದರು. ಅಂದರೆ ಈ ಸಲ ಕೊನೆಯನ್ನು ಯಾರೂ ನೋಡಿರಲಿಲ್ಲ.

ದೊಡ್ಡಮ್ಮನಿಗೆ ಹೇಳಿದೆ. ಆಕೆ ಸ್ವಲ್ಪ ಹೊತ್ತು ಎಣ್ಣೆಗಾಯಿಯನ್ನೇ ನೋಡಿದಳು. "ಮದ್ಲಿನ ಸಲ ಹುಟ್ಟಿ ತಪ್ಪಿಸಿದಿ, ಈ ಸಲ ಎಣಿಸಿ ತಪ್ಪಿಸಿದಿ. ಬಾಳ ಶಾಣ್ಯಾಕಿ ಆಗೀದಿ" ಎಂದು ನಕ್ಕಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅಂದು ಸಂಜೆಯ ಚಹಾ ಕುಡಿಯಲಿಲ್ಲ.

ರವಿವಾರ, ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿ, ಕೊನೆ ಏನಾಯಿತೆಂದು ತಾನಾಗಿಯೇ ತಂಗಿಯರನ್ನು ಕೇಳಿದಳು. ಇಬ್ಬರೂ ಅದನ್ನು ಮೊದಲ ಸಲ ಬಂದಾಗಲೇ ನೋಡಿದ್ದವರು. ಕಿತ್ತೂರಿನಾಕೆ ಹೇಳಿದಳು: "ಬಂದ್ಲಕ್ಕಾ, ಅತ್ತಿ ಕಾಲಿಗೆ ನೀರ ಕೊಟ್ಲು." ರಾಮದುರ್ಗದಾಕೆ ಹೇಳಿದಳು: "ಎಲ್ಲೀದು? ಕೀಲಿಕೈ ಕಳಿಸಿಕೊಟ್ಲು, ತಾ ಬರಲಿಲ್ಲ. ಆಕೀದೇನ ಕೇಳತಿ, ಟಿವಿ ಮುಂದ ನಿದ್ದಿ ಹೊಡ್ಯಾಕಿ."

"ಬರಕೊಂಡಿ ಏನ?" ದೊಡ್ಡಮ್ಮ ನನ್ನ ಡೈರಿಯತ್ತ ಬಾಗಿದಳು.

"ಯಾವುದನ್ನ ಬರೀಲಿ?"

"ಎರಡೂ ಬ್ಯಾಡ. ಜಾಗಾ ಬಿಡು. ನೋಡಿದ ಮ್ಯಾಲೆ ಬರಿ."

ಅರ್ಧ ಪುಟ ಬಿಟ್ಟಿದ್ದೇನೆ. ಮಧ್ಯಾಹ್ನ ಎರಡರ ಆ ಧಾರಾವಾಹಿಯ ಕೊನೆಯ ಕಂತು ಹಳೆಯ ಕ್ಯಾಸೆಟ್ಟಿನಲ್ಲೋ ಸಿ.ಡಿ.ಯಲ್ಲೋ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಆದರೆ ಕಾಗದದಲ್ಲಿ ಕಥೆ ಮಾತ್ರ ಹೇಳಬೇಡಿ; ನಮ್ಮ ಮನೆಗೆ ಬಂದ ಕಾಗದವನ್ನು ದೊಡ್ಡಮ್ಮನೇ ಮೊದಲು ಒಡೆಯುವುದು.